5×2 ಮಿ.ಮೀ. ಮ್ಯಾಗ್ನೆಟ್ ಕೂರಿಸಿದ ಪಝಲ್ ಅಮೆರಿಕದಲ್ಲಿ ಮಾರಬಹುದೇ?

(ಚರ್ಚೆ. ಘನಾಕೃತಿ, ಅಳತೆಗೋಲು, ಪದರ, ಹೊಟ್ಟೆನೋವು ಎಂಬುವು ಬರೆದವರ ಅಡ್ಡಹೆಸರುಗಳು.)

ಘನಾಕೃತಿ: 3ಡಿ ಪ್ರಿಂಟ್ ಮಾಡಿದ ಜ್ಯಾಮಿತಿ ಪಝಲ್. 12 ತುಂಡು, ತುಂಡಿಗೆ ನಾಲ್ಕರಂತೆ 5×2 ಮಿ.ಮೀ. (ವ್ಯಾಸ × ದಪ್ಪ) ಎನ್35 ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ ಬಿಲ್ಲೆಗಳು, ಸೂಪರ್‌ಗ್ಲೂ ಹಾಕಿ ಅಂಟಿಸಿದ್ದು. ಅಮೆರಿಕದ ಕರಕುಶಲ ಮೇಳಗಳಲ್ಲಿ ದೊಡ್ಡವರಿಗೆ ಮಾತ್ರ ಎಂಬ ಲೇಬಲ್ ಹಚ್ಚಿ ಮಾರುವ ಯೋಚನೆ. ಜೊತೆಗೆ 5 ಮಿ.ಮೀ. ಬಿಡಿ ಮ್ಯಾಗ್ನೆಟ್ ಗುಂಡುಗಳ ಸೆಟ್ ಇಡಬಹುದೇ? ಗುಂಡುಗಳ ಮೇಲಿನ ನಿಷೇಧವನ್ನು ಕೋರ್ಟ್ ರದ್ದು ಮಾಡಿತ್ತಲ್ಲವೇ?

ಅಳತೆಗೋಲು: ರದ್ದಾಗಿದ್ದು 2014ರ ನಿಯಮ, 2016ರ ನವೆಂಬರ್‌ನಲ್ಲಿ, ಝೆನ್ ಮ್ಯಾಗ್ನೆಟ್ಸ್ ಕಂಪನಿ ಹೂಡಿದ ಪ್ರಕರಣದಲ್ಲಿ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2022ರಲ್ಲಿ ಹೊಸ ನಿಯಮ ತಂದಿತು. ಅಕ್ಟೋಬರ್ 21ರಿಂದ ಜಾರಿಯಲ್ಲಿದೆ. ಮನರಂಜನೆ, ಆಭರಣ, ಬುದ್ಧಿಗೆ ಕಸರತ್ತು, ಒತ್ತಡ ನಿವಾರಣೆ, ಇವುಗಳಲ್ಲಿ ಯಾವುದಕ್ಕೇ ಆದರೂ ಮಾರುವ, ಬಿಡಿಯಾದ ಅಥವಾ ಬೇರ್ಪಡುವ ಮ್ಯಾಗ್ನೆಟ್ ಇರುವ ವಸ್ತು ಅದರಡಿ ಬರುತ್ತದೆ. ದೊಡ್ಡವರಿಗೆ ಎಂಬ ಲೇಬಲ್ ಹಚ್ಚಿದ ಮಾತ್ರಕ್ಕೆ ವಿನಾಯಿತಿ ಇಲ್ಲ. 14ಕ್ಕಿಂತ ಚಿಕ್ಕವರ ಆಟಿಕೆಗೆ ಬೇರೆ ಮಾನದಂಡ, ಎಎಸ್‌ಟಿಎಂ ಎಫ್963.

31.7 ಮಿ.ಮೀ. ವ್ಯಾಸದ ಸಣ್ಣ-ಭಾಗ ಸಿಲಿಂಡರ್‌ನೊಳಗೆ (ನುಂಗುವಷ್ಟು ಚಿಕ್ಕದೇ ಎಂದು ನೋಡುವ ಅಳತೆಯ ಕೊಳವೆ) ಮ್ಯಾಗ್ನೆಟ್ ಪೂರ್ತಿ ಹಿಡಿಸಿದರೆ ಅದರ ಫ್ಲಕ್ಸ್ ಇಂಡೆಕ್ಸ್ (ಸೆಳೆತದ ಬಲ ಸೂಚಿಸುವ ಅಂಕೆ) 50ಕ್ಕಿಂತ ಕಡಿಮೆ ಇರಲೇಬೇಕು. ಧ್ರುವದ ಮೇಲ್ಮೈಯಲ್ಲಿ ಸಿಗುವ ಗರಿಷ್ಠ ಕ್ಷೇತ್ರವನ್ನು ಕಿಲೋಗಾಸ್‌ನಲ್ಲಿ ಅಳೆದು, ವರ್ಗ ಮಾಡಿ, ಧ್ರುವದ ವಿಸ್ತೀರ್ಣದಿಂದ (ಚದರ ಮಿ.ಮೀ.) ಗುಣಿಸಿದರೆ ಆ ಅಂಕೆ ಬರುತ್ತದೆ. ಕ್ಷೇತ್ರ ಅಳೆಯುವ ಕಡ್ಡಿಯ (ಪ್ರೋಬ್) ಸಂವೇದಕ ತುದಿಯಿಂದ ಸುಮಾರು 0.38 ಮಿ.ಮೀ. ಒಳಗಿರುತ್ತದೆ, ಆ ದೂರ ಹಿಡಿದು ಎನ್35ಗೆ ಲೆಕ್ಕ ಹಾಕಿದರೆ 5×2 ಬಿಲ್ಲೆಗೆ ಸುಮಾರು 200, 3×2ಕ್ಕೆ 90, 3×1ಕ್ಕೆ 47, 2×1ಕ್ಕೆ 23. 5 ಮಿ.ಮೀ. ಗುಂಡು 540ರ ಆಸುಪಾಸು. 3×1 ಪಾಸಾಯಿತು ಎಂದುಕೊಳ್ಳಬೇಡಿ: ತೆಳು ಬಿಲ್ಲೆಗಳಲ್ಲಿ ಗರಿಷ್ಠ ಕ್ಷೇತ್ರ ನಡುವಿಗಿಂತ ಅಂಚಿನ ಹತ್ತಿರ ಸಿಗುತ್ತದೆ, ಇನ್ನೂ ಬಲವಾದ ಎನ್52 ದರ್ಜೆ ಬಂದರೆ ಅಂಕೆ ಇನ್ನೂ ಏರುತ್ತದೆ. ಇಡೀ ಮುಖದ ಮೇಲೆ ಪ್ರೋಬ್ ಓಡಿಸಿ ನೋಡಬೇಕು.

ಹಾಗಾಗಿ ಬಿಡಿ ಗುಂಡಿನ ಸೆಟ್ ಸಾಧ್ಯವಿಲ್ಲ. ಪಝಲ್ ಸಾಧ್ಯ, ಆದರೆ ಬಿಲ್ಲೆ ಯಾವ ಕಾರಣಕ್ಕೂ ಹೊರಬರಕೂಡದು.

ಪದರ: ಅಂಟನ್ನು ನಂಬಬೇಡಿ. ನಿಕಲ್ ಲೇಪನ ಕನ್ನಡಿಯಂತೆ ನುಣುಪು, ಒಣಗಿದ ಸೂಪರ್‌ಗ್ಲೂ ಪೆಡಸು. ತುಂಡುಗಳು ಟಪ್ಪೆಂದು ಕೂಡುವಾಗೆಲ್ಲ ಅದಕ್ಕೆ ಏಟು, ಬಿಡಿಸುವಾಗೆಲ್ಲ ನೇರ ಎಳೆತ. ಕೊನೆಗೆ ಬಿಲ್ಲೆ ಎದುರು ತುಂಡಿಗೆ ಅಂಟಿಕೊಂಡು ಈಚೆಗೆ ಬರುತ್ತದೆ. ಕೆಲವೊಮ್ಮೆ ಲೇಪನವೇ ಸುಲಿದುಬರುವುದರಿಂದ ಎಪಾಕ್ಸಿಯೂ ಪೂರ್ತಿ ಪರಿಹಾರವಲ್ಲ.

ಬಿಲ್ಲೆಯನ್ನು ಪ್ಲಾಸ್ಟಿಕ್ಕಿನೊಳಗೇ ಮುಚ್ಚಿಬಿಡಿ. 5×2ಕ್ಕೆ ಗುಳಿ 5.2 ವ್ಯಾಸ, 2.2 ಆಳ. ಗುಳಿ ಮುಗಿದ ಪದರಕ್ಕೆ ಪ್ರಿಂಟ್ ನಿಲ್ಲಿಸಿ, ಒಂದು ಹನಿ ಅಂಟು ಬಿಟ್ಟು ಬಿಲ್ಲೆ ಇಳಿಸಿ, ಒಣಗಿದ ಮೇಲೆ ಮುಂದುವರಿಸಿ. ಅಂಟು ಇಲ್ಲದಿದ್ದರೆ ಹಾಟೆಂಡ್‌ನ (ಪ್ಲಾಸ್ಟಿಕ್ ಕರಗಿಸಿ ಬಿಡುವ ಪ್ರಿಂಟರ್ ತಲೆ) ಉಕ್ಕಿನ ಭಾಗಗಳಿಗೆ ಬಿಲ್ಲೆ ಎದ್ದುಹೋಗುತ್ತದೆ. ಮೇಲೆ 0.2 ಮಿ.ಮೀ.ನ ನಾಲ್ಕು ಪದರ, ಅಂದರೆ 0.8 ಗೋಡೆ. ಎರಡೂ ಕಡೆ ಸೇರಿ ಅಂತರ 1.6 ಆಗಿ ಹಿಡಿತ ಬಹಳ ಕುಗ್ಗುತ್ತದೆ. ಅದಕ್ಕೆ 6×3 ಬಿಲ್ಲೆಗೆ ಹೋಗಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಪ್ರಿಂಟರ್‌ನ ತಳ (ಬೆಡ್) 60 ಡಿಗ್ರಿ ಇರುವ ಪಿಎಲ್‌ಎ ಪ್ಲಾಸ್ಟಿಕ್ ಸರಿ, 100 ಡಿಗ್ರಿಯ ಎಬಿಎಸ್ ಪ್ಲಾಸ್ಟಿಕ್ ಬೇಡ. ಧ್ರುವ ತಪ್ಪಿದರೆ ತುಂಡು ಒಡೆಯದೆ ದಾರಿಯಿಲ್ಲ, ಆದ್ದರಿಂದ ಮೊದಲೇ ಎಲ್ಲ ಬಿಲ್ಲೆಗಳನ್ನು ಕಂಬದಂತೆ ಪೇರಿಸಿ ಒಂದೇ ಕಡೆಯ ಮುಖಕ್ಕೆ ಮಾರ್ಕರ್‌ನಲ್ಲಿ ಚುಕ್ಕೆ ಇಡಿ.

ಮಾದರಿ ತುಂಡುಗಳನ್ನು 90 ಸೆಂ.ಮೀ.ನಿಂದ ಗಟ್ಟಿ ನೆಲಕ್ಕೆ ನಾಲ್ಕು ಸಲ ಬೀಳಿಸಿ, ಆಮೇಲೆ ಸುಮಾರು 7 ಕೆ.ಜಿ. ಎಳೆತ ಕೊಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಗೋಡೆ ದಪ್ಪ ಮಾಡಿ. ತುಂಡೇ ಆ ಸಿಲಿಂಡರ್‌ನಲ್ಲಿ ಹಿಡಿಸುವಷ್ಟು ಚಿಕ್ಕದಿದ್ದರೆ ಈ ಶ್ರಮವೆಲ್ಲ ವ್ಯರ್ಥ. ಅದನ್ನೇ ಒಂದು ಮ್ಯಾಗ್ನೆಟ್ ಎಂದು ಪರಿಗಣಿಸಿ.

ಹೊಟ್ಟೆನೋವು: ಒಂದು ನುಂಗಿದರೆ ಸಾಮಾನ್ಯವಾಗಿ ಸಾಗಿಹೋಗುತ್ತದೆ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳ ಆಚೀಚೆ ನಿಂತು ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕ ಗೋಡೆಗೆ ರಕ್ತದ ಹರಿವು ನಿಂತು ತೂತು ಬೀಳುತ್ತದೆ. ಮೊದಲು ಕಾಣುವುದು ಬರೀ ವಾಂತಿ, ಹೊಟ್ಟೆನೋವು. ಎಕ್ಸ್‌ರೇಯಲ್ಲಿ ಎರಡು ಸೇರಿ ಒಂದೇ ಎಂಬಂತೆಯೂ ಕಾಣಬಹುದು, ಅದಕ್ಕೆ ಪಕ್ಕದಿಂದಲೂ ತೆಗೆಯಬೇಕು. ಎಂಆರ್‌ಐ ಮಾಡಲೇಬಾರದು. ವಾಂತಿ ಮಾಡಿಸಬೇಡಿ, ಜೇನುತುಪ್ಪ ಕೊಡಬೇಡಿ (ಅದು ಬಟನ್ ಬ್ಯಾಟರಿ ನುಂಗಿದಾಗಿನ ಸಲಹೆ), ನೇರ ಆಸ್ಪತ್ರೆಗೆ ಹೋಗಿ. ನಾಲಿಗೆಗೆ ಸುಳ್ಳು ಚುಚ್ಚುಬೊಟ್ಟು ಮಾಡಿಕೊಳ್ಳಲು ಹೋಗಿ ಹದಿಹರೆಯದವರೂ ನುಂಗುತ್ತಾರೆ. ಲೇಬಲ್ ಸಾಲದು ಎನ್ನುವುದು ಅದಕ್ಕೇ.

ಅಳತೆಗೋಲು: 216 ಗುಂಡುಗಳಿಂದ ಬಹುಮುಖಿ ಕಟ್ಟುವವರಿಗೆ ಇದು ನಿಜವಾದ ನಷ್ಟ, ಒಪ್ಪುತ್ತೇನೆ. ದುರ್ಬಲ ಮ್ಯಾಗ್ನೆಟ್ ಆದ ಫೆರೈಟ್‌ನ ಗುಂಡು ಆಕಾರ ಹಿಡಿದು ನಿಲ್ಲಿಸುವುದಿಲ್ಲ, 5 ಮಿ.ಮೀ.ನದು ಲೆಕ್ಕದಲ್ಲಿ 50ರ ಗಡಿಗೇ ಬಂದು ನಿಲ್ಲುತ್ತದೆ. ಕಡ್ಡಿಯೊಳಗೆ ಮ್ಯಾಗ್ನೆಟ್ ಮುಚ್ಚಿ, ಕಡ್ಡಿಗಳು ಕೂಡುವ ಕಡೆ ದೊಡ್ಡ ಉಕ್ಕಿನ ಗುಂಡು ಬಳಸುವುದೇ ಹತ್ತಿರದ ದಾರಿ. ಶಾಲಾ ಶಿಕ್ಷಕರು, ಸಂಶೋಧಕರು, ಕೈಗಾರಿಕೆಯವರಿಗಷ್ಟೇ ಅವರ ಕೆಲಸಕ್ಕಾಗಿ ಮಾರುವುದಕ್ಕೆ ವಿನಾಯಿತಿ ಇದೆ. ಹವ್ಯಾಸಿಗಳು ಅದರಲ್ಲಿಲ್ಲ, ಇರಬೇಕಿತ್ತು.

ಘನಾಕೃತಿ: ಗುಂಡು ಕೈಬಿಟ್ಟೆ. ತುಂಡುಗಳನ್ನು 40 ಮಿ.ಮೀ.ಗೆ ಹಿಗ್ಗಿಸಿ 6×3 ಮುಚ್ಚುತ್ತೇನೆ. ಇದನ್ನೇ ಮಕ್ಕಳಿಗೆಂದು ಬೆಂಗಳೂರಿನಲ್ಲಿ ಮಾರಿದರೆ?

ಪದರ: 14ರೊಳಗಿನವರ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಭಾರತದ ಆಟಿಕೆ ಮಾನದಂಡ ಐಎಸ್ 9873ರ ಮೊದಲ ಭಾಗದಲ್ಲಿ ಮ್ಯಾಗ್ನೆಟ್ ಮಿತಿಯೂ ಇದೆ, 0.5 ಟೆಸ್ಲಾ ವರ್ಗ ಚದರ ಮಿ.ಮೀ. ಎಂದರೆ ಅದೇ 50. ನೋಂದಾಯಿತ ಕರಕುಶಲಿಗಳಿಗೆ ಮತ್ತು ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ ಆಟಿಕೆಗಳ ನೋಂದಾಯಿತ ಬಳಕೆದಾರರಿಗೆ ಆ ಆದೇಶದಿಂದ ವಿನಾಯಿತಿ ಇದೆ, ಪ್ರಿಂಟರ್‌ನಿಂದ ಬಂದ ಪಝಲ್‌ಗೆ ಅದು ಸಿಗುವುದಿಲ್ಲ.