ಆ ಸಿಲಿಕಾನ್ ಟ್ಯೂಬು ಮುಟ್ಟಬೇಡಿ ಭಾವ

ಡೊಂಬಿವಲಿ ಭಾವ: ಈ ವಿಡಿಯೊ ಎಲ್ಲರೂ ನೋಡಿ. ಮನೆಯಲ್ಲೇ ಅಕ್ವೇರಿಯಂ! ಕಿಟಕಿ ಮಾಡಿಸಿದಾಗ ಉಳಿದ 5 ಎಂಎಂ ಗಾಜು ಉಂಟು. ಬಾತ್‌ರೂಮಿನ ಸಂದು ಮುಚ್ಚಲಿಕ್ಕೆ ತಂದ ಸಿಲಿಕಾನ್ ಅಂಟಿನ ಟ್ಯೂಬೂ ಅರ್ಧ ಉಳಿದಿದೆ. ಭಾನುವಾರ ಮಗನಿಗೆ 3 ಅಡಿ ಉದ್ದ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಮಾಡಿಕೊಡುತ್ತೇನೆ. ಅಂಗಡಿಯವನಿಗೆ ಸುಮ್ನೆ ದುಡ್ಡು ಯಾಕೆ?

ಅಕ್ಕ: ಟಿವಿ ಪಕ್ಕದ ಶೆಲ್ಫ್ ಮೇಲೆ ಇಡ್ತಾರಂತೆ. ನನ್ನ ಮಾತು ಕೇಳುವುದಿಲ್ಲ, ನೀನಾದರೂ ಹೇಳು.

ನಾನು: ಮಾಡಿ ಭಾವ, ಆದರೆ ಆ ಟ್ಯೂಬು ಬೇಡ. ಬಾತ್‌ರೂಮಿನ ಸಿಲಿಕಾನ್‌ಗೆ ಬೂಷ್ಟು ಹಿಡಿಯದ ಹಾಗೆ ಔಷಧಿ ಸೇರಿಸಿರುತ್ತಾರೆ. ಅದು ನೀರಿಗೆ ಇಳಿದರೆ ಮೀನಿಗೆ ವಿಷ. ಟ್ಯೂಬಿನ ಮೇಲೆ ಏನು ಬರೆದಿದೆ, ಓದಿ ನೋಡಿ.

ಮುಲುಂಡ್ ಚಿಕ್ಕಪ್ಪ: ಗಾಜಿನ ರಗಳೆಯೇ ಬೇಡ. ಆಕ್ರಿಲಿಕ್ ಹಾಕಿಸಿ, ಗಾಜಿನ ಹಾಗೇ ಕಾಣುವ ಪ್ಲಾಸ್ಟಿಕ್. ಮುಂಬೈಯ ತಾರಾಪೊರೆವಾಲಾ ಅಕ್ವೇರಿಯಂನಲ್ಲಿ 2015ರಲ್ಲಿ ಸುರಂಗ ಮಾಡಿದ್ದು ಆಕ್ರಿಲಿಕ್‌ನಲ್ಲೇ ಅಲ್ವಾ?

ನಾನು: ಹೌದು ಚಿಕ್ಕಪ್ಪ. ಗಾಜಿನ ಅರ್ಧದಷ್ಟೂ ತೂಕವಿಲ್ಲ, ಬಗ್ಗಿಸಲಿಕ್ಕೂ ಬರುತ್ತದೆ, ಸುರಂಗಕ್ಕೆ ಅದೇ ಸರಿ. ಮನೆಯಲ್ಲಿ ಮಕ್ಕಳು ಪಾಚಿ ಉಜ್ಜುವಾಗ ಸ್ಪಂಜಿಗೆ ಒಂದು ಮರಳಿನ ಕಣ ಅಂಟಿದ್ದರೂ ಸಾಕು, ಉದ್ದಕ್ಕೆ ಗೀರು ಬೀಳುತ್ತದೆ. ಸಿಲಿಕಾನ್ ಕೂಡ ಆಕ್ರಿಲಿಕ್‌ಗೆ ಗಟ್ಟಿಯಾಗಿ ಹಿಡಿಯುವುದಿಲ್ಲ, ಅದರ ಅಂಟೇ ಬೇರೆ.

ಡೊಂಬಿವಲಿ ಭಾವ: ವಿಡಿಯೊದವನು ಬಾತ್‌ರೂಮಿನದ್ದನ್ನೇ ಹಚ್ಚಿದ್ದಾನೆ ಮಾರಾಯ. ಒಂದು ಹನಿ ಸೋರಲಿಲ್ಲ. ವಿನೆಗರ್ ವಾಸನೆ ಬಂದರೆ ಒಳ್ಳೆಯ ಸಿಲಿಕಾನ್ ಅಂತಾನೂ ಹೇಳಿದ.

ನಾನು: ಸೋರದಿದ್ದರೆ ಆಯಿತಾ? ವಿಡಿಯೊದಲ್ಲಿ ಒಂದು ಮೀನೂ ಇಲ್ಲ. ಔಷಧಿ ಬೆರೆತ ಸಿಲಿಕಾನ್‌ಗೂ ಆ ವಾಸನೆ ಇರಬಹುದು. ಅಕ್ವೇರಿಯಂಗೆ ಅಂತಲೇ ಬರೆದ ಟ್ಯೂಬು ತನ್ನಿ. ಗಾಜಿನ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿ ಹಚ್ಚಿ. ವಾಸನೆ ಪೂರ್ತಿ ಹೋಗುವವರೆಗೆ ನೀರು ಹಾಕಬೇಡಿ. ಮಗ ಎಷ್ಟು ಆಸೆಯಿಂದ ಕಾಯುತ್ತಿದ್ದಾನೆ, ಅವನ ಮೀನು ಸತ್ತು ತೇಲುವುದು ನನಗೆ ನೋಡಲಿಕ್ಕೆ ಆಗುವುದಿಲ್ಲ.

ಅಕ್ಕ: ಶೆಲ್ಫ್?

ನಾನು: 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದರೆ ನೀರೇ 127 ಲೀಟರ್. ಗಾಜು, ಜಲ್ಲಿ ಸೇರಿದರೆ 150 ಕಿಲೋ ದಾಟುತ್ತದೆ. ಪ್ಲೈವುಡ್ ಶೆಲ್ಫ್ ತಡೆಯುವುದಿಲ್ಲ ಅಕ್ಕ. ನೀರಿನ ಒತ್ತಡ ಜಾಸ್ತಿಯಾಗುವುದು ಎತ್ತರದಿಂದ, ಆ ಎತ್ತರಕ್ಕೆ 5 ಎಂಎಂ ಗಾಜು ಸಾಲದು.

ಡೊಂಬಿವಲಿ ಭಾವ: ಟ್ಯೂಬು ನೋಡಿದೆ. ಬೂಷ್ಟು ಬರುವುದಿಲ್ಲ ಅಂತ ಬರೆದಿದೆ. ಸರಿ, ಹೊಸದು ತರುತ್ತೇನೆ. ಗಾಜು ಮಾತ್ರ ಬಿಸಾಡುವುದಿಲ್ಲ.

ನಾನು: ಬಿಸಾಡಬೇಡಿ. 2 ಅಡಿ ಉದ್ದ, ಅಗಲ ಎತ್ತರ ಒಂದೊಂದು ಅಡಿ ಮಾಡಿ, 57 ಲೀಟರ್ ಆಗುತ್ತದೆ. ಅಷ್ಟಕ್ಕೆ 5 ಎಂಎಂ ನಡೆಯುತ್ತದೆ. ಟ್ಯಾಂಕಿನ ಕೆಳಗೆ ಥರ್ಮಾಕೋಲ್ ಹಾಕಿ, ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿ. ಕತ್ತರಿಸುವ ಮೊದಲು ಅದು ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಾ ಅಂತ ಕಿಟಕಿಯವನನ್ನು ಕೇಳಿ. ಹೌದಾದರೆ ಕಟರ್ ಇಡಬೇಡಿ, ಪುಡಿಪುಡಿಯಾಗುತ್ತದೆ.

ಡೊಂಬಿವಲಿ ಭಾವ: ಈಗಲೇ ಫೋನ್ ಮಾಡುತ್ತೇನೆ.