ಅಮ್ಮನ ಜೊತೆ ಬಸ್ಸು, ತಾರಿ, ಗೋಕರ್ಣ: ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ, ಕುಂದಾಪುರದಿಂದ

ನಮಸ್ಕಾರ. ಜನವರಿಯಲ್ಲಿ ಒಂದು ದಿನ ಅಮ್ಮನನ್ನೂ ಮಗಳನ್ನೂ ಗೋಕರ್ಣಕ್ಕೆ ಕರೆದುಕೊಂಡು ಹೋಗಿ ರಾತ್ರಿಯೊಳಗೆ ಮನೆ ಸೇರಬೇಕು ಅಂತಿದ್ದೇನೆ. ಅಮ್ಮನಿಗೆ 66. ಮಂಡಿ ನೋವಿದೆ, ಆದರೆ ನಿಧಾನಕ್ಕೆ ನಡೆಯುತ್ತಾರೆ. ಮಗಳಿಗೆ 9. ಬಾಡಿಗೆ ಕಾರು ಬೇಡವೇ ಬೇಡ, ಬಸ್ಸೇ ಆಗಬೇಕು ಅಂತ ಅಮ್ಮನ ಹಟ. ಅವರ ತವರು ಗಂಗೊಳ್ಳಿ. ಚಿಕ್ಕಂದಿನಲ್ಲಿ ಕುಂದಾಪುರ ಪೇಟೆಗೆ ಬರುವುದೆಲ್ಲ ದೋಣಿಯಲ್ಲೇ. "ಇನ್ನೊಂದು ಸಲ ಹೊಳೆ ದಾಟ್ಬೇಕು ಮಗಾ" ಅಂತ ಹೇಳುತ್ತಲೇ ಇರುತ್ತಾರೆ. ಕುಮಟಾದಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ಬೋಟಿನಲ್ಲಿ, ತದಡಿಗೆ ದಾಟಿ ಗೋಕರ್ಣ ಸೇರಬಹುದು ಅಂತ ಕೇಳಿದ್ದೇನೆ. ಹೋಗಿ ಬಂದವರು ದಯವಿಟ್ಟು ಹೇಳಿ. ಒಂದೇ ದಿನದಲ್ಲಿ ಇಷ್ಟೆಲ್ಲ ಆಗುತ್ತಾ? ವಯಸ್ಸಾದವರಿಗೆ ಆ ಬೋಟು ಹತ್ತಲು ಆಗುತ್ತಾ?

ಉತ್ತರ, ಕುಮಟಾ ತವರು, ಈಗ ಕುಂದಾಪುರದ ಹತ್ತಿರ

ಆಗುತ್ತದೆ. ನಾನು ನಮ್ಮ ಅತ್ತೆಯನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿ ಬಂದಿದ್ದೇನೆ. ಅವರಿಗೆ ಆಗ ಎಪ್ಪತ್ತು ದಾಟಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ದಿನದ ಲೆಕ್ಕವನ್ನು ಬಸ್ಸಿನಿಂದ ಶುರು ಮಾಡಬೇಡಿ, ತಾರಿಯಿಂದ ಶುರು ಮಾಡಿ. ಹೆದ್ದಾರಿಯಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ. ತಾರಿ ತಪ್ಪಿದರೆ ಅಮ್ಮ ಯಾವುದಕ್ಕಾಗಿ ಹೊರಟರೋ ಅದೇ ತಪ್ಪಿ ಹೋಗುತ್ತದೆ. ಹಾಗಾಗಿ ಹೊಳೆ ದಾಟುವುದು ಬೆಳಿಗ್ಗೆಯೇ ಆಗಲಿ. ಗೋಕರ್ಣ ಮಧ್ಯಾಹ್ನಕ್ಕೆ. ವಾಪಸ್ ಪೂರ್ತಿ ರಸ್ತೆಯಲ್ಲಿ.

ನಾವು ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟೆವು. ಕುಂದಾಪುರದಿಂದ ಕುಮಟಾಗೆ ನೂರು ಕಿಲೋಮೀಟರಿಗಿಂತ ಜಾಸ್ತಿ. ಮೂರು ಗಂಟೆ ಹಿಡಿಯಿತು. ಸರಕಾರಿ ಬಸ್ಸನ್ನೇ ಹಿಡಿಯಿರಿ. ನಮ್ಮ ಉಡುಪಿ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ ಅಲ್ವಾ, ಅವುಗಳಲ್ಲಿ ಶಕ್ತಿ ಯೋಜನೆ ಇಲ್ಲ. ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೂ ಮಗಳಿಗೂ ಟಿಕೆಟ್ ದುಡ್ಡಿಲ್ಲ. 2023ರ ಜೂನ್‌ನಿಂದ ಹೀಗಿದೆ. ಎಸಿ ಬಸ್ಸು, ರಾಜಹಂಸ, ಗೋವಾಕ್ಕೆ ಹೋಗುವ ಬಸ್ಸು ಇವುಗಳಿಗೆ ಇದು ಅನ್ವಯಿಸುವುದಿಲ್ಲ. ಇಬ್ಬರ ಆಧಾರ್ ಕಾರ್ಡೂ ಕೈಗೆ ಸಿಗುವ ಹಾಗೆ ಇರಲಿ. ಹತ್ತುವ ಮೊದಲು "ಕುಮಟಾಗೆ ಹೋಗುತ್ತಾ" ಅಂತ ಕೇಳಿಕೊಳ್ಳಿ, ಬೋರ್ಡು ನೋಡಿ ಅಂದಾಜು ಮಾಡಬೇಡಿ.

ಹೋಗುವಾಗ ಎಡಗಡೆ ಕೂರಿ. ಇದನ್ನು ಮಾತ್ರ ಮರೆಯಬೇಡಿ. ಬೆಳಗಿನ ಬಿಸಿಲು ಬಲಗಡೆ ಬೀಳುತ್ತದೆ, ಎಡಗಡೆ ತಂಪಾಗಿರುತ್ತದೆ. ಸಮುದ್ರ ಇರುವುದೂ ಎಡಗಡೆಗೇ. ಮರವಂತೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿದ್ದರೆ ಮಗಳನ್ನು ಎಬ್ಬಿಸಿ ತೋರಿಸಿ. ಹೊನ್ನಾವರದಲ್ಲಿ ಶರಾವತಿ ಸೇತುವೆ ಬರುತ್ತದೆ. ಹೊಳೆ ಸಮುದ್ರ ಸೇರುವ ಜಾಗ ಅದರ ಹತ್ತಿರವೇ. ಸೇತುವೆ ಇಲ್ಲದ ಕಾಲದಲ್ಲಿ ಇಂಥ ಒಂದೊಂದು ಹೊಳೆಗೂ ಬಸ್ಸಿನಿಂದ ಇಳಿದು ದೋಣಿ ಹತ್ತಿ ದಾಟುತ್ತಿದ್ದರು. ಅಮ್ಮನಿಗೆ ಅದೆಲ್ಲ ನೆನಪಿರಬಹುದು, ಕೇಳಿ ನೋಡಿ.

ಕುಮಟಾ ನಿಲ್ದಾಣದಲ್ಲಿ ಇಳಿದ ಕೂಡಲೇ ಅಘನಾಶಿನಿ ಬಸ್ಸು ಎಷ್ಟೊತ್ತಿಗೆ ಅಂತ ವಿಚಾರಿಸಿ. ಆಮೇಲೆ ತಿಂಡಿಗೆ ಹೋಗಿ. ನಾವು ಬನ್ಸ್ ತಿಂದು ಕಷಾಯ ಕುಡಿದೆವು. ಶೌಚಾಲಯದ ಕೆಲಸ ಇಲ್ಲೇ ಮುಗಿಸಿಕೊಳ್ಳಿ. ತಾರಿಯ ದಡದಲ್ಲಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಅಘನಾಶಿನಿ ಅಲ್ಲಿಂದ 10 ಕಿ.ಮೀ. ಆಸುಪಾಸು. ಬಸ್ಸಿಗೆ ಬಹಳ ಹೊತ್ತು ಕಾಯುವ ಹಾಗಿದ್ದರೆ ರಿಕ್ಷಾ ಮಾಡಿಬಿಡಿ. ಇಡೀ ದಿನದಲ್ಲಿ ದುಡ್ಡು ಖರ್ಚು ಮಾಡಬೇಕಾದ ಜಾಗ ಇದೊಂದೇ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ತಾರಿ. ಬೋಟು ಈಚೆ ದಡದಲ್ಲಿ ಇದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಆಚೆಯಿಂದ ಬರುವವರೆಗೆ ಕೂರಬೇಕು. ಅದು ಪ್ರವಾಸಿಗರ ಬೋಟಲ್ಲ, ಊರವರ ದಾರಿ. ಮೀನು ಬುಟ್ಟಿಯ ಹೆಂಗಸರು, ಕೆಲಸಕ್ಕೆ ಹೋಗುವವರು, ಬೈಕುಗಳು ಎಲ್ಲ ಒಟ್ಟಿಗೇ ದಾಟುವುದು. ದಾಟಲು ಹತ್ತು ಹದಿನೈದು ನಿಮಿಷ ಸಾಕು. ರಸ್ತೆಯಲ್ಲಾದರೆ ಹೆದ್ದಾರಿಗೆ ಬಂದು, ಮಿರ್ಜಾನ್ ಮೇಲೆ ಸುತ್ತಿ ಹೋಗಬೇಕು. ಈ ಅಘನಾಶಿನಿ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಶಿರಸಿ ಕಡೆಯಿಂದ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಇಲ್ಲಿಯವರೆಗೆ ತನ್ನ ಪಾಡಿಗೆ ಹರಿದು ಬರುತ್ತದೆ. ಸಿಹಿನೀರು ಉಪ್ಪುನೀರು ಕೂಡುವ ಈ ಜಾಗವನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ನೀರು ಇಳಿದಾಗ ಜನ ಹೊಳೆಯೊಳಗೆ ಇಳಿದು ಬಳಚು (ತಿನ್ನುವ ಚಿಪ್ಪು) ಹೆಕ್ಕುವುದು ಕಾಣುತ್ತದೆ. ಹಿನ್ನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಉಪ್ಪು ನೀರು ನುಗ್ಗಿದರೂ ತಡೆದುಕೊಳ್ಳುವ ತಳಿ ಅದು. ನಮ್ಮ ಅತ್ತೆ ಆ ಹತ್ತು ನಿಮಿಷ ಒಂದೂ ಮಾತಾಡಲಿಲ್ಲ. ದಡಕ್ಕೆ ಬಂದ ಮೇಲೆ "ಇಷ್ಟು ಬೇಗ ಬಂತಾ" ಅಂದರು. ಅದಕ್ಕೇ ಹೇಳುತ್ತೇನೆ, ಅಲ್ಲಿ ಗಡಿಬಿಡಿ ಮಾಡಬೇಡಿ. ಒಂದು ಬೋಟು ಬಿಟ್ಟು ಇನ್ನೊಂದಕ್ಕೆ ಹೋದರೂ ಆಯಿತು.

ತದಡಿಯಿಂದ ಗೋಕರ್ಣಕ್ಕೆ ಮತ್ತೆ 10 ಕಿ.ಮೀ. ಆಸುಪಾಸು. ಬಸ್ಸೂ ಇದೆ, ರಿಕ್ಷಾವೂ ಸಿಗುತ್ತದೆ. ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ, ಅಷ್ಟರೊಳಗೆ ದರ್ಶನ ಆಗಲಿ. ನೀವು ಒಳಗೆ ಹೋಗುವಾಗ ಅಂಗಿ ತೆಗೆಯಬೇಕು, ಒಂದು ಪಂಚೆ ಚೀಲದಲ್ಲಿರಲಿ. ಊಟ ಮಾಡಿ ದೇವಸ್ಥಾನದ ಹತ್ತಿರದ ಕಡಲತೀರದಲ್ಲಿ ಮಗಳನ್ನು ಆಡಿಸಿ, ಮೂರೂವರೆ ನಾಲ್ಕಕ್ಕೆ ಹೊರಡಿ. ಆಗ ಎಂಟೂವರೆಗೆಲ್ಲ ಮನೆ.

ಉತ್ತರ, ಭಟ್ಕಳದಿಂದ

ಮೇಲಿನವರು ಹೇಳಿದ ಕ್ರಮ ಬಹಳ ಸರಿ. ನಾವು ಉಲ್ಟಾ ಮಾಡಿದ್ದೆವು. ಮೊದಲು ಗೋಕರ್ಣ, ಸಂಜೆ ತದಡಿಯಿಂದ ದಾಟುವುದು ಅಂತ. ದೇವಸ್ಥಾನದಲ್ಲಿ ಸಾಲು ಉದ್ದ ಇತ್ತು, ಊಟ ತಡವಾಯಿತು, ಮಕ್ಕಳು ಸಮುದ್ರ ಬಿಟ್ಟು ಬರಲಿಲ್ಲ. ತದಡಿಗೆ ಹೋಗುವಷ್ಟರಲ್ಲಿ ಕತ್ತಲಾಗುವ ಹೊತ್ತು. ಬೋಟು ಆಚೆ ದಡದಲ್ಲಿ. ಕಾದು ನಿಂತರೆ ಕುಮಟಾದಿಂದ ಬಸ್ಸು ಸಿಗುತ್ತೋ ಇಲ್ಲವೋ ಅಂತ ಹೆದರಿ ರಿಕ್ಷಾ ಮಾಡಿಕೊಂಡು ಹೆದ್ದಾರಿಗೆ ಬಂದೆವು. ನನ್ನ ಚಿಕ್ಕಮ್ಮ ದಾರಿಯುದ್ದಕ್ಕೂ ಏನೂ ಹೇಳಲಿಲ್ಲ, ಆದರೆ ಅವರಿಗೆ ಬೇಜಾರಾಗಿದ್ದು ಗೊತ್ತಾಗುತ್ತಿತ್ತು. ಅದು ನನಗೆ ಇವತ್ತಿಗೂ ಇದೆ.

ಇನ್ನೊಂದು ವಿಷಯ. ವಾಪಸ್ ಬರುವಾಗ ಗೋಕರ್ಣದಿಂದಲೇ ಕುಮಟಾ ಬಸ್ಸು ಹಿಡಿಯಿರಿ. ದೂರದ ಬಸ್ಸುಗಳು ಎಷ್ಟೋ ಸಲ ಗೋಕರ್ಣದ ಒಳಗೆ ಬರುವುದಿಲ್ಲ, ಮಾದನಗೇರಿಯಲ್ಲಿ ಹೆದ್ದಾರಿ ಮೇಲೇ ಹೋಗಿಬಿಡುತ್ತವೆ. ಮಾದನಗೇರಿಗೆ ಹೋಗುವ ರಸ್ತೆಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತದೆ, ಮಗಳಿಗೆ ತೋರಿಸಿ. ಸಮುದ್ರದ ನೀರು ಕಟ್ಟಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುವ ಜಾಗ. ಬಸ್ಸು ಸಿಗದಿದ್ದರೆ ಕೊಂಕಣ ರೈಲಿನ ಗೋಕರ್ಣ ರೋಡ್ ನಿಲ್ದಾಣವೂ ಆ ಕಡೆಯೇ. ರೈಲಿನ ಸಮಯ ಬೆಳಿಗ್ಗೆ ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ.

ಉತ್ತರ, ಮಲ್ಪೆಯ ಮೀನುಗಾರರ ಮನೆಯಿಂದ

ಬೋಟು ಹತ್ತುವ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿ ದಿನ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಏರಿಳಿತ ಕಡಿಮೆ. ಪೂರ್ತಿ ಇಳಿತದಲ್ಲಿ ಬೋಟು ಧಕ್ಕೆಗಿಂತ (ಬೋಟು ಹತ್ತುವ ಕಟ್ಟೆಗಿಂತ) ಕೆಳಗೆ ನಿಲ್ಲುತ್ತದೆ. ಆಗ ಪಾಚಿ ಹಿಡಿದ ಮೆಟ್ಟಿಲ ಮೇಲೆ ಕಾಲಿಡಬೇಕು. ಮಂಡಿ ನೋವಿನವರಿಗೆ ಕಷ್ಟ ಆಗುವುದು ಅಲ್ಲೇ. ಕ್ಯಾಲೆಂಡರ್ ನೋಡಿ ಅಷ್ಟಮಿಯ ಹತ್ತಿರದ ದಿನ ಇಟ್ಟುಕೊಳ್ಳಿ. ಬಳಚು ಹೆಕ್ಕುವುದನ್ನು ಚೆನ್ನಾಗಿ ನೋಡಬೇಕಾದರೆ ದೊಡ್ಡ ಇಳಿತವೇ ಬೇಕು, ಎರಡೂ ಒಟ್ಟಿಗೆ ಸಿಗುವುದು ಕಷ್ಟ. ನನ್ನನ್ನು ಕೇಳಿದರೆ ಅಮ್ಮನ ಕಾಲು ಮುಖ್ಯ.

ಬೈಕುಗಳು ಹತ್ತಿ ಮುಗಿಯುವವರೆಗೆ ಅಮ್ಮ ದಡದಲ್ಲೇ ನಿಲ್ಲಲಿ. ಇಳಿಯುವಾಗಲೂ ಹಾಗೆಯೇ, ಎಲ್ಲರೂ ಇಳಿದ ಮೇಲೆ ಇಳಿಯಲಿ. ಅವಸರ ಮಾಡಿ ಅಂತ ಯಾರೂ ಹೇಳುವುದಿಲ್ಲ. ನೀವು ಮೊದಲು ಬೋಟಿಗೆ ಇಳಿದು ಕೈ ಕೊಡಿ, ಹಿಂದಿನಿಂದ ಇನ್ನೊಬ್ಬರು ಹಿಡಿಯಲಿ. ಬೋಟಿನವರನ್ನೇ ಕೇಳಿ, ಹಿಡಿಯುತ್ತಾರೆ. ಸೀರೆಯ ನೆರಿಗೆ ಸ್ವಲ್ಪ ಮೇಲಿರಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಲೈಫ್ ಜಾಕೆಟ್ ಕೇಳಿ ಹಾಕಿಸಿ, ಮಗಳಿಗಂತೂ ಬೇಕೇ ಬೇಕು. ಹತ್ತು ನಿಮಿಷದ ಹೊಳೆ ತಾನೇ ಅಂತ ಬಿಡಬೇಡಿ. ನಾವು ಮೀನು ಹಿಡಿಯುವವರೇ ಅದನ್ನು ಸದರ ಮಾಡುವುದಿಲ್ಲ.

ಬೆಳಿಗ್ಗೆ ದಾಟುವುದು ಯಾಕೆ ಒಳ್ಳೆಯದು ಅಂದರೆ, ಆಗ ಗಾಳಿ ನೆಲದಿಂದ ಕಡಲಿಗೆ ಮೆಲ್ಲ ಬೀಸುತ್ತಿರುತ್ತದೆ. ನೆಲ ಕಾದ ಮೇಲೆ ಮಧ್ಯಾಹ್ನ ಕಡಲಿನಿಂದ ಗಾಳಿ ಏಳುತ್ತದೆ, ನೀರು ಕದಡುತ್ತದೆ. ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಬೀಚಿಗೆ ಹೋಗುವ ಸಮುದ್ರದ ಬೋಟು ಅಮ್ಮನಿಗೆ ಬೇಡ. ಅಲ್ಲಿ ಧಕ್ಕೆ ಇಲ್ಲ, ಅಲೆಯಲ್ಲೇ ಇಳಿಯಬೇಕು.

ಮಳೆಗಾಲದಲ್ಲಿ ಹೋಗುವ ಯೋಚನೆ ಇರುವವರಿಗೂ ಒಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವಂತಿಲ್ಲ. ರಸ್ತೆಯ ಕಡೆ ಗುಡ್ಡಗಳನ್ನೂ ನಂಬುವ ಹಾಗಿಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿದು ಏನಾಯಿತು ಅಂತ ಎಲ್ಲರಿಗೂ ಗೊತ್ತು.

ಉತ್ತರ, ಉಡುಪಿಯಿಂದ

ಅಷ್ಟು ದೂರ ಬೇಡ ಅನಿಸಿದರೆ ಸೇಂಟ್ ಮೇರೀಸ್ ದ್ವೀಪ ನೋಡಿ. ಉಡುಪಿಯಿಂದ ಮಲ್ಪೆಗೆ ಬಸ್ಸು ಬೇಕಾದಷ್ಟಿದೆ, ಅಲ್ಲಿಂದ ಬೋಟಿನಲ್ಲಿ ಸುಮಾರು 6 ಕಿ.ಮೀ. ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಐದಾರು ಮೂಲೆಯ ಕಂಬಗಳಾಗಿ ನಿಂತ ಕಲ್ಲುಗಳಿವೆ. ಸುಮಾರು 8.8 ಕೋಟಿ ವರ್ಷ ಹಿಂದಿನದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ನಿಮ್ಮ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಜನ ಸೇರುವವರೆಗೆ ಬೋಟು ಬಿಡುವುದಿಲ್ಲ, ಹಾಗಾಗಿ ರಜಾ ದಿನ ಹೋದರೆ ಬೇಗ ಹೊರಡುತ್ತದೆ. ನೀರು, ಟೋಪಿ ಒಯ್ಯಿರಿ.

ಉತ್ತರ, ಕುಮಟಾ ತವರಿನವಳೇ ಮತ್ತೆ

ದ್ವೀಪ ಚೆಂದವೇ, ಇಲ್ಲ ಅನ್ನುವುದಿಲ್ಲ. ಮಗಳನ್ನು ಇನ್ನೊಂದು ದಿನ ಕರೆದುಕೊಂಡು ಹೋಗಿ. ಆದರೆ ಅಮ್ಮ ಕೇಳಿದ್ದು ಹೊಳೆ ದಾಟುವುದು. ಆಚೆ ದಡದಲ್ಲಿ ಇಳಿದು ಮುಂದಿನ ಊರಿಗೆ ಹೋಗುವುದು. ದ್ವೀಪಕ್ಕೆ ಹೋಗಿ ಅದೇ ಬೋಟಿನಲ್ಲಿ ತಿರುಗಿ ಬರುವುದು ಬೇರೆಯೇ. ಗಂಗೊಳ್ಳಿಯವರಿಗೆ ಅದರ ವ್ಯತ್ಯಾಸ ಗೊತ್ತಿರುತ್ತದೆ.

ಉತ್ತರ, ಹೊನ್ನಾವರದಿಂದ

ಅಮ್ಮನಿಗೆ ಬಸ್ಸಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಮುಂದಿನ ಚಕ್ರಕ್ಕಿಂತ ಹಿಂದೆ, ನಡುವಿನ ಸೀಟು ಒಳ್ಳೆಯದು. ಬೆಳಿಗ್ಗೆ ಎಣ್ಣೆ ತಿಂಡಿ ಬೇಡ. ಬನ್ಸ್ ಆಸೆಯಾದರೆ ವಾಪಸ್ ಬರುವಾಗ ತಿನ್ನಿ. ಶುಂಠಿ, ನಿಂಬೆಹಣ್ಣು ಚೀಲದಲ್ಲಿರಲಿ. ಸಕ್ಕರೆ ಕಾಯಿಲೆ ಇದ್ದರೆ ಊಟದ ಹೊತ್ತು ತಪ್ಪುತ್ತದೆ, ತಾರಿ ದಾಟಿದ ಕೂಡಲೇ ಬಾಳೆಹಣ್ಣು ಕೊಡಿ. ಗೋಕರ್ಣದ ಕಡಲಿನಲ್ಲಿ ಮಗಳನ್ನು ಮಂಡಿಗಿಂತ ಆಳಕ್ಕೆ ಬಿಡಬೇಡಿ, ಸೆಳೆತ ಇರುತ್ತದೆ.

ಕೇಳಿದವರು, ಹೋಗಿ ಬಂದ ಮೇಲೆ

ಎಲ್ಲರಿಗೂ ಮನಸ್ಸಾರೆ ಧನ್ಯವಾದ. ಅಷ್ಟಮಿಯ ಮರುದಿನ ಹೋಗಿ ಬಂದೆವು. ಮುಂದೆ ಹೋಗುವವರಿಗೆ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ.

ಕುಮಟಾಗೆ ಎಂಟೂಮುಕ್ಕಾಲಿಗೆ ತಲುಪಿದೆವು. ಅಘನಾಶಿನಿ ಬಸ್ಸು ಆಗಷ್ಟೇ ಹೋಗಿತ್ತು, ಹೇಳಿದ ಹಾಗೆ ರಿಕ್ಷಾ ಮಾಡಿದೆವು. ಬೋಟು ಆಚೆ ದಡದಲ್ಲಿತ್ತು. ಅರ್ಧ ಗಂಟೆಗಿಂತ ಜಾಸ್ತಿ ಕಾದೆವು. ಅಷ್ಟು ಹೊತ್ತೂ ಅಮ್ಮ ಅಲ್ಲೇ ಕೂತಿದ್ದ ಮೀನಿನ ಅಜ್ಜಿಯೊಬ್ಬರ ಹತ್ತಿರ ಮಾತಾಡಿದರು. ಇವರದು ಕುಂದಾಪುರದ ಮಾತು, ಅವರದು ಕೊಂಕಣಿ ಬೆರೆತ ಕನ್ನಡ. ಬಂಗುಡೆ ದರದಿಂದ ಶುರುವಾಗಿ ಮೊಮ್ಮಕ್ಕಳವರೆಗೆ ಹೋಯಿತು. ಹತ್ತುವಾಗ ಆ ಅಜ್ಜಿಯೇ ಅಮ್ಮನ ಕೈ ಹಿಡಿದರು. ಮೆಟ್ಟಿಲು ಕಷ್ಟವಾಗಲಿಲ್ಲ. ಅಮ್ಮ ನೀರಿನ ಹತ್ತಿರದ ಜಾಗ ಹುಡುಕಿ ಕೂತು, ಗಂಗೊಳ್ಳಿಯಿಂದ ಬರುವಾಗ ಚಪ್ಪಲಿ ಒದ್ದೆಯಾಗಬಾರದು ಅಂತ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆವು ಅಂತ ಮಗಳಿಗೆ ಹೇಳಿದರು. ಮಗಳು ಅವಳ ಚಪ್ಪಲಿಯನ್ನೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

ದರ್ಶನ ಹನ್ನೆರಡರೊಳಗೆ ಆಯಿತು. ಬರುವಾಗ ಬಲಗಡೆ ಕೂತರೆ ಸಮುದ್ರ ಕಾಣುತ್ತದೆ, ಆದರೆ ಇಳಿ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಕಿಟಕಿಗೆ ಕಟ್ಟಲು ಒಂದು ಟವೆಲ್ ಬೇಕು. ಅಘನಾಶಿನಿ ದಡದಲ್ಲಿ ಕಾಯುವಾಗ ನಮಗೆ ನೆರಳು ಸಾಲಲಿಲ್ಲ, ಛತ್ರಿಯೂ ಒಯ್ಯಿರಿ. ಬೋಟಿಗೆ ಚಿಲ್ಲರೆ ಇಟ್ಟುಕೊಳ್ಳಿ, ಮೊಬೈಲಿಗೆ ಅಲ್ಲಿ ಸಿಗ್ನಲ್ ಒಂದೊಂದು ಸಲ ಬರುತ್ತದೆ, ಒಂದೊಂದು ಸಲ ಇಲ್ಲ.