ಸಂಘದ ಸಾಲದವರು ಮನೆ ಓನರ್ ಹತ್ತಿರ ನಮ್ಮ ಅಡ್ವಾನ್ಸ್ ಕೇಳುತ್ತಿದ್ದಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ತಂದ ಹೊಸ ಸುಗ್ರೀವಾಜ್ಞೆ ನಮಗೆ ಅನ್ವಯಿಸುತ್ತಾ?

ರೇಷ್ಮೆನಾಡಿನವ (ಪ್ರಶ್ನೆ, 24 ಫೆಬ್ರವರಿ 2025)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ರಾಮನಗರ. ಅಮ್ಮ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗೆ ಕೆಲಸಕ್ಕೆ ಹೋಗುತ್ತಾರೆ, ತಿಂಗಳಿಗೆ 8 ಸಾವಿರದ ಆಸುಪಾಸು ಬರುತ್ತೆ. ನಾನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟ್ ಮೇಲಿದ್ದೆ, 14 ಸಾವಿರ ಸಂಬಳ. ನವೆಂಬರ್‌ನಲ್ಲಿ ಕಂಟ್ರಾಕ್ಟ್ ಮುಗಿಯಿತು, ಮತ್ತೆ ಕರೆದಿಲ್ಲ. ಈಗ ಗಾಡಿ ಲೋಡಿಂಗ್, ಮದುವೆ ಮನೆ ಕ್ಯಾಟರಿಂಗ್, ಸಿಕ್ಕಿದ್ದು ಮಾಡುತ್ತಿದ್ದೇನೆ.

ಸಾಲ ಮೂರು. ಎರಡು ಸಂಘದ ಸಾಲ (ಹೆಂಗಸರ ಗುಂಪು ಕಟ್ಟಿ ಕೊಡುವ ಮೈಕ್ರೋ ಫೈನಾನ್ಸ್ ಸಾಲ), ಬೇರೆ ಬೇರೆ ಫೈನಾನ್ಸ್ ಕಂಪನಿಗಳದ್ದು. ಒಂದಕ್ಕೆ ವಾರಕ್ಕೆ 1,150. ಇನ್ನೊಂದಕ್ಕೆ ಹದಿನೈದು ದಿನಕ್ಕೆ 1,700. ನನ್ನ ಕೆಲಸ ಇದ್ದಾಗ ಒಂದು ಕಂತೂ ತಪ್ಪಿರಲಿಲ್ಲ. ಕೆಲಸ ಹೋದ ಮೇಲೆ, ಈ ಕಂತು ಕಟ್ಟುವುದಕ್ಕೇ ಡಿಸೆಂಬರ್‌ನಲ್ಲಿ ಪೇಟೆಯ ಒಬ್ಬರ ಹತ್ತಿರ ಮೂರನೆಯದು ತೆಗೆದೆವು. ಅವರಿಗೆ ಬೋರ್ಡೂ ಇಲ್ಲ, ರಸೀದಿಯೂ ಇಲ್ಲ. 30 ಸಾವಿರ ಅಂತ ಬರೆದುಕೊಂಡು 27 ಸಾವಿರ ಕೈಗೆ ಕೊಟ್ಟರು. ದಿನಕ್ಕೆ 300ರಂತೆ ನೂರು ದಿನ ಕಟ್ಟಬೇಕು. ನನ್ನ ಎರಡು ಖಾಲಿ ಚೆಕ್‌ಗೆ ಸಹಿ ಹಾಕಿಸಿಕೊಂಡಿದ್ದಾರೆ.

ಜನವರಿ ಮೊದಲ ವಾರದಿಂದ ಸಂಘದ ಕಂತು ನಿಂತಿದೆ. ಆಗಿನಿಂದ ಬೆಳಗ್ಗೆ ಏಳಕ್ಕೇ ಬಂದು ಜಗಲಿ ಮೇಲೆ ಕೂರುತ್ತಾರೆ. ರಾತ್ರಿ ಎಂಟೂವರೆಗೆ ಮತ್ತೆ ಬರುತ್ತಾರೆ. ಗುಂಪಿನ ಉಳಿದ ಹೆಂಗಸರನ್ನೂ ಕರೆದುಕೊಂಡು ಬರುತ್ತಾರೆ. ಅಮ್ಮ ಹಿಂದಿನ ಬಾಗಿಲಿಂದ ಕೆಲಸಕ್ಕೆ ಹೋಗುವ ಹಾಗಾಗಿದೆ.

ನಾವಿರುವುದು ಬಾಡಿಗೆ ಮನೆ. 5,500 ಬಾಡಿಗೆ, 40 ಸಾವಿರ ಅಡ್ವಾನ್ಸ್. ಓನರ್ ಮೇಲಿನ ಮನೆಯಲ್ಲೇ ಇದ್ದಾರೆ. ಹೋದ ವಾರ ಕಲೆಕ್ಷನ್‌ನವನು ಸೀದಾ ಮೇಲೆ ಹೋಗಿ, "ಇವರನ್ನು ಖಾಲಿ ಮಾಡಿಸಿ, ಅಡ್ವಾನ್ಸ್ ನಮಗೆ ಕೊಡಿ, ಸಾಲಕ್ಕೆ ಜಮಾ ಮಾಡಿಕೊಳ್ಳುತ್ತೇವೆ" ಅಂದಿದ್ದಾನೆ. ಓನರ್ ಈಗ ತಿಂಗಳ ಕೊನೆಗೆ ಮನೆ ಬಿಡಿ ಅನ್ನುತ್ತಿದ್ದಾರೆ. ಹಾಗೆ ಅಡ್ವಾನ್ಸ್ ಕೊಡಬಹುದಾ? ಹೊಸ ಸುಗ್ರೀವಾಜ್ಞೆಯಲ್ಲಿ ಸಾಲವೇ ಮನ್ನಾ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ, ನಿಜಾನಾ?

---

ಜೈ ಕರುನಾಡು 77

ಒಂದು ರೂಪಾಯಿನೂ ಕಟ್ಟಬೇಡಿ ಬ್ರದರ್. ಕಾನೂನು ಬಂದಾಯ್ತು. ಮನೆ ಹತ್ತಿರ ಬಂದರೆ ಹತ್ತು ವರ್ಷ ಜೈಲು. ವಿಡಿಯೋ ಮಾಡಿ ಹಾಕಿ, ಓಡಿ ಹೋಗ್ತಾರೆ.

---

ಹಳೇ ಕಲೆಕ್ಷನ್, ಮಂಡ್ಯ

ಮೇಲಿನವರ ಮಾತು ಕೇಳಬೇಡ ತಮ್ಮ. ಆಮೇಲೆ ಅನುಭವಿಸುವುದು ನಿಮ್ಮ ಅಮ್ಮ.

ನಾನು ಇದೇ ಲೈನಲ್ಲಿ ಇದ್ದವನು. ಮಳವಳ್ಳಿ, ಮದ್ದೂರು ಕಡೆ ಸಂಘ ಕಟ್ಟಿಸಿ, ಸಾಲ ಕೊಟ್ಟು, ಕಂತು ಎತ್ತುತ್ತಿದ್ದೆ. ಈಗ ಬಿಟ್ಟು ಗೊಬ್ಬರದಂಗಡಿ ಇಟ್ಟಿದ್ದೇನೆ. ಆ ಕಡೆಯ ಲೆಕ್ಕ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ನಿನಗೆ ಉಪಯೋಗಕ್ಕೆ ಬರುತ್ತೆ.

ಮೊದಲು ಸಾಲಗಳನ್ನು ಬೇರೆ ಬೇರೆ ಮಾಡು. ಮೂರನ್ನೂ ಒಂದೇ ಗಂಟು ಕಟ್ಟಬೇಡ. ಆ ಎರಡು ಕಂಪನಿಗಳು ಆರ್‌ಬಿಐನಲ್ಲಿ ನೋಂದಣಿ ಆಗಿದ್ದರೆ ಸುಗ್ರೀವಾಜ್ಞೆಯಿಂದ ಅವರ ಸಾಲ ಮನ್ನಾ ಆಗಲ್ಲ. ಬ್ಯಾಂಕು ಮತ್ತು ಆರ್‌ಬಿಐ ನೋಂದಣಿ ಇರುವ ಕಂಪನಿಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಅದನ್ನು ತಂದಿರುವುದು ಲೈಸೆನ್ಸು, ನೋಂದಣಿ ಇಲ್ಲದೆ ಸಾಲ ಕೊಡುವವರಿಗೆ. ಅಂದರೆ ನಿನ್ನ ಮೂರನೇ ಸಾಲದವನಂಥವರಿಗೆ. ಕಂಪನಿ ಹೆಸರು ಲೋನ್ ಕಾರ್ಡ್ ಮೇಲೆ ಇರುತ್ತೆ, ಆರ್‌ಬಿಐ ವೆಬ್‌ಸೈಟಿನ ಪಟ್ಟಿಯಲ್ಲಿ ಇದೆಯಾ ನೋಡಿಕೋ.

ಹಾಗಂತ ಕಂಪನಿಯವರು ಆಡಿದ್ದೇ ಆಟ ಅಂತಲ್ಲ. ಅವರಿಗೆ ಆರ್‌ಬಿಐ ನಿಯಮ 2022ರ ಏಪ್ರಿಲ್‌ನಿಂದಲೇ ಇದೆ. ಸುಗ್ರೀವಾಜ್ಞೆ ಬಂದದ್ದು ಈಗ, ಫೆಬ್ರವರಿ 12ಕ್ಕೆ. ಆ ಹಳೇ ನಿಯಮದ ಪ್ರಕಾರ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಮೈಕ್ರೋ ಫೈನಾನ್ಸ್ ಸಾಲಕ್ಕೆ ಫೋನೂ ಮಾಡುವ ಹಾಗಿಲ್ಲ. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಆ ಜಾಗಕ್ಕೆ ಸತತ ಎರಡು ಸಲವೋ ಅದಕ್ಕಿಂತ ಜಾಸ್ತಿಯೋ ಬರದಿದ್ದರೆ ಮಾತ್ರ ಮನೆಗೋ ಕೆಲಸದ ಜಾಗಕ್ಕೋ ಹೋಗಬಹುದು. ಇಲ್ಲೇ ಜನ ಎಡವುವುದು. ಹೆದರಿಕೊಂಡು ಸೆಂಟರ್ ಮೀಟಿಂಗಿಗೆ (ಗುಂಪಿನವರು ಸೇರಿ ಕಂತು ಕಟ್ಟುವ ಸಭೆ) ಹೋಗುವುದನ್ನೇ ನಿಲ್ಲಿಸುತ್ತಾರೆ. ಆಗ ಮನೆಗೆ ಬರುವುದಕ್ಕೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಕೈಯಲ್ಲಿ ದುಡ್ಡಿಲ್ಲದಿದ್ದರೂ ಅಮ್ಮನನ್ನು ಮೀಟಿಂಗಿಗೆ ಕಳಿಸು, ಜೊತೆಗೆ ನೀನೂ ಹೋಗು. ನೂರೋ ಇನ್ನೂರೋ ಆದರೂ ಕಟ್ಟಿ ಕಾರ್ಡಿನಲ್ಲಿ ಬರೆಸಿಕೋ.

ನೆಂಟರಿಗೆ, ಸ್ನೇಹಿತರಿಗೆ, ಜೊತೆಯಲ್ಲಿ ಕೆಲಸ ಮಾಡುವವರಿಗೆ ಕಾಟ ಕೊಡುವುದು, ಬೈಯುವುದು, ಸಾಲಗಾರರ ಹೆಸರು ಊರಿಗೆಲ್ಲ ಸಾರುವುದು ಇದೆಲ್ಲ ನಿಷಿದ್ಧ. ಮನೆ ಓನರ್ ಹತ್ತಿರ ಹೋದದ್ದು ದೊಡ್ಡ ತಪ್ಪು. ದಿನ, ಹೊತ್ತು, ಬಂದವನ ಹೆಸರು ಒಂದು ನೋಟ್‌ಬುಕ್‌ನಲ್ಲಿ ಬರೆದಿಡು.

ಇನ್ನು ಲೆಕ್ಕಕ್ಕೆ ಬರೋಣ. ಸಾಲ ಕೊಡುವಾಗ ಮನೆಯ ವರಮಾನ ವರ್ಷಕ್ಕೆ 3 ಲಕ್ಷದೊಳಗೆ ಇದ್ದರೆ ಅದು ಮೈಕ್ರೋ ಫೈನಾನ್ಸ್ ಸಾಲ. ಅಡಮಾನ ಕೇಳುವ ಹಾಗಿಲ್ಲ. ಎಲ್ಲ ಸಾಲದ ಕಂತೂ ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ನೀವಿಬ್ಬರೂ ದುಡಿಯುತ್ತಿದ್ದಾಗ 22 ಸಾವಿರ. ಅರ್ಧ ಅಂದರೆ 11. ಎರಡು ಸಾಲದ ಕಂತು ಸೇರಿ ಹತ್ತಿರ ಹತ್ತಿರ 8 ಸಾವಿರ. ಅಂದರೆ ಕಾಗದದ ಮೇಲೆ ಕಂಪನಿಗಳ ಲೆಕ್ಕ ಸರಿಯಾಗೇ ಇದೆ! ನಿನ್ನ ಕೆಲಸ ಹೋದ ದಿನ ಅಮ್ಮನ ಇಡೀ ಕೂಲಿ ಕಂತಿಗೇ ಸಮ ಆಯಿತು. ಆಗ ದಿನಕ್ಕೆ 300ರ ಸಾಲ ತಂದಿರಿ, ಅಂದರೆ ತಿಂಗಳಿಗೆ 9 ಸಾವಿರ. ಅದು ಯಾವ ಕಂಪ್ಯೂಟರಿಗೂ ಕಾಣಲ್ಲ. 27 ಸಾವಿರಕ್ಕೆ ನೂರು ದಿನದಲ್ಲಿ 3 ಸಾವಿರ ಬಡ್ಡಿ ಅಂದರೆ ಕಡಿಮೆ ಅನಿಸುತ್ತೆ. ಆದರೆ ಅಸಲು ದಿನಾ ಇಳಿಯುತ್ತಿರುತ್ತೆ ಅಲ್ವಾ, ವರ್ಷದ ಲೆಕ್ಕದಲ್ಲಿ ನೂರಕ್ಕೆ 80ರ ಹತ್ತಿರ ಬೀಳುತ್ತೆ. ನಾವು ಹಳ್ಳಿಯಲ್ಲಿ ಮೀಟರ್ ಬಡ್ಡಿ ಅನ್ನುವುದು ಇಂಥದ್ದಕ್ಕೇ.

ಒಂದು ಒಳಗುಟ್ಟು. ಕಂತು ನಿಂತು 90 ದಿನ ದಾಟಿದರೆ ಕಂಪನಿ ಪುಸ್ತಕದಲ್ಲಿ ಅದು ಕೆಟ್ಟ ಸಾಲ. ನಿಮ್ಮದು ಜನವರಿ ಮೊದಲ ವಾರ ನಿಂತಿದೆ, ಏಪ್ರಿಲ್ ಮೊದಲ ವಾರಕ್ಕೆ 90 ಆಗುತ್ತೆ. ಅದರ ಮೇಲೆ ಮಾರ್ಚ್ 31 ಅವರಿಗೆ ವರ್ಷದ ಕೊನೆ. ಅದಕ್ಕೇ ಈಗ ಮೈಮೇಲೆ ಬೀಳುತ್ತಿದ್ದಾರೆ. ಆದರೆ ಇದೇ ಹೊತ್ತಿನಲ್ಲಿ ಬ್ರಾಂಚ್ ಮ್ಯಾನೇಜರ್ ಮಾತುಕತೆಗೂ ಬಗ್ಗುತ್ತಾನೆ. ಕಲೆಕ್ಷನ್ ಹುಡುಗನ ಹತ್ತಿರ ವಾದ ಮಾಡಿ ಪ್ರಯೋಜನ ಇಲ್ಲ, ಅವನಿಗೆ ಸಂಜೆ ಟಾರ್ಗೆಟ್ ತೋರಿಸಬೇಕು. ಬ್ರಾಂಚಿಗೆ ಹೋಗಿ ಲಿಖಿತದಲ್ಲಿ ಕೊಡು: ಕೆಲಸ ಹೋಗಿದೆ, ಕಂತು ಇಳಿಸಿ ಅವಧಿ ಜಾಸ್ತಿ ಮಾಡಿ. ನಕಲಿನ ಮೇಲೆ ಸೀಲು ಹಾಕಿಸಿಕೋ. ದೂರಿನ ನಂಬರ್ ಲೋನ್ ಕಾರ್ಡಿನಲ್ಲೇ ಇರಬೇಕು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದರೂ ಸರಿ ಅನಿಸದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಕಟ್ಟಬೇಡಿ ಅನ್ನುವವರು 2010ರ ಆಂಧ್ರ ನೆನಪು ಮಾಡಿಕೊಳ್ಳಲಿ. ಅಲ್ಲೂ ಅಕ್ಟೋಬರ್‌ನಲ್ಲಿ ಸುಗ್ರೀವಾಜ್ಞೆ ಬಂತು, ವಸೂಲಿ ಕುಸಿಯಿತು, ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಬಡವರಿಗೆ ಸಾಲದ ಅಗತ್ಯ ಮಾತ್ರ ನಿಲ್ಲಲಿಲ್ಲ. ಮತ್ತೆ ಬಡ್ಡಿಯವರ ಬಾಗಿಲಿಗೇ ಹೋಗಬೇಕಾಯಿತು.

---

ಕರಿಕೋಟು, ಮೈಸೂರು

ಹಳೇ ಕಲೆಕ್ಷನ್ ಅವರು ಸರಿಯಾಗಿ ಹೇಳಿದ್ದಾರೆ. ನಾನು ವಕೀಲೆ, ಮನೆ ವಿಷಯ ಹೇಳುತ್ತೇನೆ.

ಅಡ್ವಾನ್ಸ್ ನಿಮ್ಮ ದುಡ್ಡು. ಓನರ್ ಹತ್ತಿರ ಇರುವುದು ಠೇವಣಿಯಾಗಿ, ಅಷ್ಟೇ. ಕೋರ್ಟಿನ ಜಪ್ತಿ ಆದೇಶ ಇಲ್ಲದೆ ಯಾವ ಫೈನಾನ್ಸ್‌ನವರೂ ಅದನ್ನು ಮುಟ್ಟುವಂತಿಲ್ಲ. ಓನರ್ ಅವರಿಗೆ ಕೊಟ್ಟುಬಿಟ್ಟರೆ ನಿಮಗೆ ಕೊಡಬೇಕಾದ ಬಾಕಿ ಹಾಗೇ ಉಳಿಯುತ್ತೆ. ಇದನ್ನು ಅವರಿಗೆ ಮರ್ಯಾದೆಯಿಂದ ಹೇಳಿ, ವಾಟ್ಸಾಪ್‌ನಲ್ಲೂ ಬರೆದು ಕಳಿಸಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500, ಉಳಿದ ಕಡೆ 2,000 ದಾಟಿದರೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಮನೆ ಎಲ್ಲಿದೆ ಹೇಳಿ? ಹಾಗಾಗಿ ನಿಮ್ಮದು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತೆ. ಕರಾರು ಪತ್ರ ಇದ್ದರೆ ಅದರಲ್ಲಿ ಬರೆದಷ್ಟು ಸಮಯ ಕೊಡಬೇಕು. ಇಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್, ಅದೂ ಲಿಖಿತದಲ್ಲಿ. ನೋಟಿಸ್ ಮುಗಿದರೂ ಸಾಮಾನು ಹೊರಗೆ ಹಾಕುವ ಹಾಗಿಲ್ಲ, ಕೋರ್ಟಿಗೆ ಹೋಗಬೇಕು. ಬಲವಂತದಿಂದ ಹೊರಹಾಕಿದರೆ ಆರು ತಿಂಗಳೊಳಗೆ ದಾವೆ ಹೂಡಿ ವಾಪಸ್ ಸ್ವಾಧೀನ ಕೇಳಬಹುದು. ಬಾಡಿಗೆ ಮಾತ್ರ ತಪ್ಪಿಸಬೇಡಿ, ಯುಪಿಐನಲ್ಲೇ ಕಟ್ಟಿ.

ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲಿ ಬಂತು, ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತೆ ಅದು. ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿ. ನಮ್ಮಲ್ಲಿ ಬಂದಿಲ್ಲ. ಸಾಲದ ವಿಷಯಕ್ಕೆ ಇಷ್ಟು ಗಲಾಟೆ ಮಾಡಿದ ಶಾಸಕರು ಬಾಡಿಗೆ ವಿಷಯ ಬಂದರೆ ಯಾಕೋ ಗಪ್‌ಚುಪ್.

ಸುಗ್ರೀವಾಜ್ಞೆಯ ಬಗ್ಗೆಯೂ ಒಂದು ಮಾತು. ರಾಜ್ಯಪಾಲರು ಅದನ್ನು ಮೊದಲು ವಾಪಸ್ ಕಳಿಸಿದ್ದರು. ಸಾಲ ಕೊಡುವುದೇ ಹೆಚ್ಚೆಂದರೆ 3 ಲಕ್ಷ, ದಂಡ 5 ಲಕ್ಷ, ಹತ್ತು ವರ್ಷ ಜೈಲು, ಇದು ಜಾಸ್ತಿಯಾಯಿತು ಅನ್ನುವುದು ಅವರ ಆಕ್ಷೇಪಗಳಲ್ಲಿ ಒಂದು. ಆಮೇಲೆ ಸಹಿ ಹಾಕಿದರು. ಈಗ ಮಾರ್ಚ್ 3ಕ್ಕೆ ಅಧಿವೇಶನ ಶುರು. ಸದನ ಸೇರಿ ಆರು ವಾರದೊಳಗೆ ಮಸೂದೆಯಾಗಿ ಪಾಸಾಗದಿದ್ದರೆ ಸುಗ್ರೀವಾಜ್ಞೆ ಬಿದ್ದುಹೋಗುತ್ತೆ. ಪಾಸಾಗುತ್ತೆ ಅಂತಲೇ ನನ್ನ ಅಂದಾಜು. ಹಾವೇರಿ ಕಡೆಯ ಹೆಂಗಸರು ಸಾಲದವರ ಕಾಟ ತಡೆಯಲಾರದೆ ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದ ಮೇಲೆ ವಿರೋಧಿಸುವ ಧೈರ್ಯ ಯಾರಿಗಿದೆ?

---

ಮೇಲ್ಮನೆ ಓನರ್

ನಾನೂ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದೇನೆ, ಓನರ್ ಕಡೆಯ ಮಾತೂ ಇರಲಿ. ದಿನಾ ಬೆಳಗ್ಗೆ ಗೇಟಿನ ಹತ್ತಿರ ನಾಲ್ಕು ಜನ ಕೂಗಾಡಿದರೆ ಯಾರಿಗಾದರೂ ಕಿರಿಕಿರಿ. ನಿಮ್ಮ ಓನರ್‌ಗೂ ಬಹುಶಃ ಸಾಲದ ದುಡ್ಡು ತನ್ನ ತಲೆಗೆ ಬರುತ್ತಾ ಅನ್ನುವ ಭಯ ಇರಬಹುದು. ಬರಲ್ಲ ಅಂತ ಕೂತು ಬಿಡಿಸಿ ಹೇಳಿ. ಗೇಟಿನೊಳಗೆ ಬರಬೇಡಿ ಅಂತ ಅವರೇ ಕಲೆಕ್ಷನ್‌ನವರಿಗೆ ಹೇಳಿದರೆ ನಿಮಗಿಂತ ಜಾಸ್ತಿ ತೂಕ ಇರುತ್ತೆ, ಜಾಗ ಅವರದ್ದಲ್ವಾ.

---

ರೇಷ್ಮೆನಾಡಿನವ

ತುಂಬಾ ಥ್ಯಾಂಕ್ಸ್ ಅಣ್ಣ, ಮೇಡಂ, ಸರ್. ಎರಡೂ ಕಂಪನಿ ಆರ್‌ಬಿಐ ಪಟ್ಟಿಯಲ್ಲಿವೆ. ಓನರ್ ಹತ್ತಿರ ಅಮ್ಮನೇ ಹೋಗಿ ಮಾತಾಡಿದರು. ಅಡ್ವಾನ್ಸ್ ಯಾರಿಗೂ ಕೊಡಲ್ಲ ಅಂದಿದ್ದಾರೆ, ಮನೆ ವಿಷಯ ಯುಗಾದಿ ಕಳೆಯಲಿ ನೋಡೋಣ ಅಂದರು. ಆ ಖಾಲಿ ಚೆಕ್‌ಗಳದ್ದೇ ಭಯ ಈಗ. 40 ದಿನದ ದುಡ್ಡು, ಅಂದರೆ 12 ಸಾವಿರ ಕಟ್ಟಿದ್ದೇವೆ. ಲಕ್ಷ ಅಂತ ಬರೆದು ಬ್ಯಾಂಕಿಗೆ ಹಾಕಿದರೆ?

---

ಕರಿಕೋಟು, ಮೈಸೂರು

ಹಾಕುವ ಮೊದಲು ನೀವು ದಾಖಲೆ ಮಾಡಿ. ಚೆಕ್‌ಬುಕ್ ಕೌಂಟರ್ ಫಾಯಿಲ್ ನೋಡಿ ಚೆಕ್ ನಂಬರ್ ಬರೆದುಕೊಳ್ಳಿ, ಇಂಥ ಎರಡು ಚೆಕ್ ಖಾಲಿಯಾಗಿ ಕೊಟ್ಟದ್ದು, ಪಡೆದದ್ದು 27 ಸಾವಿರ, ಕಟ್ಟಿದ್ದು 12 ಸಾವಿರ ಅಂತ ಠಾಣೆಗೆ ದೂರು ಕೊಡಿ. ಸುಗ್ರೀವಾಜ್ಞೆಯಲ್ಲಿ ಪೊಲೀಸರು ದೂರು ತೆಗೆದುಕೊಳ್ಳಲ್ಲ ಅನ್ನುವ ಹಾಗಿಲ್ಲ. ಸಾಲಕ್ಕೆ ಭದ್ರತೆ ಇಟ್ಟುಕೊಳ್ಳುವುದನ್ನೂ ಅದು ನಿಷೇಧಿಸಿದೆ. ದೂರಿನ ಪ್ರತಿ ಇಟ್ಟು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಪತ್ರ (ಆ ಚೆಕ್ ಬಂದರೆ ಹಣ ಕೊಡಬೇಡಿ ಅಂತ) ಕೊಡಿ. ಸ್ಟಾಪ್ ಮಾಡಿದ ಮಾತ್ರಕ್ಕೆ ಚೆಕ್ ಬೌನ್ಸ್ ಕೇಸು ಬರಲ್ಲ ಅಂತೇನಿಲ್ಲ. ಬಂದರೆ ಮೊದಲು ನೋಟಿಸ್ ಬರುತ್ತೆ, ಹಣ ಕಟ್ಟಲು ಅದರಲ್ಲಿ 15 ದಿನ ಕೊಡಬೇಕು. ಆ ನೋಟಿಸಿಗೆ ಉತ್ತರ ಕೊಡದೆ ಸುಮ್ನೆ ಕೂರಬೇಡಿ, ಹೆಚ್ಚಿನ ಕೇಸು ಕೆಡುವುದು ಅಲ್ಲೇ.

ಅವರಿಗೆ ಲೇವಾದೇವಿ ಲೈಸೆನ್ಸ್ ಇದೆಯಾ ಅಂತ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ. ಇದ್ದರೂ ಅಡಮಾನ ಇಲ್ಲದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 16ರ ಮೇಲೆ ಬಡ್ಡಿ ಹಾಕುವ ಹಾಗಿಲ್ಲ. ಸುಗ್ರೀವಾಜ್ಞೆಯಡಿ ಜಿಲ್ಲೆಯಲ್ಲಿ ನೋಂದಣಿ ಮಾಡಿಸಿಕೊಳ್ಳಲು 30 ದಿನ ಕೊಟ್ಟಿದ್ದಾರೆ, ಅದು ಮಾರ್ಚ್ ಮಧ್ಯದವರೆಗೂ ಇದೆ. ಲೈಸೆನ್ಸೂ ಇಲ್ಲ, ನೋಂದಣಿಯೂ ಇಲ್ಲ ಅಂತಾದರೆ ನಿಮ್ಮಂಥ ಕುಟುಂಬದ ಸಾಲ ಬಡ್ಡಿ ಸಮೇತ ತೀರಿದಂತೆ ಅನ್ನುತ್ತೆ ಅದು. ಆ ವಾದ ಮಾಡಲು ವಕೀಲರು ಬೇಕು. ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ರಾಮನಗರ ಕೋರ್ಟ್ ಆವರಣದಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅರ್ಜಿ ಅಮ್ಮನ ಹೆಸರಲ್ಲೇ ಹಾಕಿಸಿ.